ತಿಳಿಯಾದ ಸೀಸೆ

ಮೂರನೇ ವಾರವೂ ಸೀಸೆ ತಿಳಿಯಾಗಿಯೇ ಇತ್ತು. ಚನ್ನರಾಯಪಟ್ಟಣದ ಡಾಕ್ಟರು ಚಂದ್ರಯ್ಯ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಇನ್ನು ಗಂಡನ ಸಾರಿಗೆ ಚಿಟಿಕೆ ಉಪ್ಪು ಹಾಕಬಹುದೆಂದು ಅನಂತಮ್ಮನಿಗೆ ಹೇಳಿದರು. ಆಕೆಗೆ ಅಳು ಬಂದುಬಿಟ್ಟಿತು. ಅಂದು ಗಂಡ ಧರಣೇಂದ್ರಯ್ಯ ಎರಡೆರಡು ಸಲ ಸಾರು ಹಾಕಿಸಿಕೊಂಡು ಉಂಡರು.

ಪಾತ್ರೆ ಅಂಗಡಿಯ ಧರಣೇಂದ್ರಯ್ಯ ತಿಂಗಳ ಹಿಂದೆ ಊದಿದ ಮುಖ ಹೊತ್ತು ಹೆಂಡತಿಯೊಡನೆ ಬಂದಾಗ ಚಂದ್ರಯ್ಯ ತಾವೇ ಅವರ ಮೂತ್ರವನ್ನು ದೀಪದ ಮೇಲೆ ಕಾಯಿಸಿದ್ದರು. ಸೀಸೆಯ ತಳದಲ್ಲಿ ಎರಡು ಬೆರಳು ಬಿಳಿ ಗಸಿ ನಿಂತಿತು. ಮೂತ್ರಪಿಂಡದ ಕಾಯಿಲೆ. ಒಂದು ಬೆರಳಿಗೆ ಇಳಿದರೆ ಗೆದ್ದ ಹಾಗೆ, ಮೂರಾದರೆ ಕಷ್ಟ, ನಾಲ್ಕಾದರೆ ತಮ್ಮ ಕೈಯಲ್ಲಿಲ್ಲ ಎಂದು ಸೀಸೆಗೆ ಬೆರಳಿಟ್ಟು ತೋರಿಸಿ, ಉಪ್ಪು ಬಿಡಿಸಿದ್ದರು. ಯುದ್ಧದ ಕಾಲ; ದೀಪದ ಸ್ಪಿರಿಟ್ಟು ಮುಗಿದದ್ದು ಮತ್ತೆ ಸಿಗಲಿಲ್ಲ. ಮನೆಯಲ್ಲೇ ಕಾಯಿಸಿ, ನಾಲ್ಕು ಹನಿ ನಿಂಬೆರಸ ಬಿಟ್ಟು, ವಾರಕ್ಕೊಮ್ಮೆ ತರುವಂತೆ ಅನಂತಮ್ಮನಿಗೆ ಹೇಳಿಕೊಟ್ಟರು. ಈ ಕಾಯಿಲೆ ಇಷ್ಟು ಬೇಗ ಮಣಿಯುವುದಲ್ಲವೆಂದು ಅವರು ಓದಿದ್ದರು. ಒಳ್ಳೆಯ ಸುದ್ದಿ ಎದುರಿಗಿದ್ದಾಗ ಓದಿದ್ದು ಮರೆತುಹೋಗುತ್ತದೆ, ಡಾಕ್ಟರಾದರೂ ಅಷ್ಟೆ.

ನಾಲ್ಕನೇ ವಾರ ಆಕೆ ಏದುಸಿರು ಬಿಡುತ್ತ ಬಂದಳು. ಗಂಡನಿಗೆ ಕಣ್ಣು ಬಿಡಲಾಗದಷ್ಟು ಬಾವು, ಕಾಲು ಚಪ್ಪಲಿಗೆ ಹಿಡಿಸುತ್ತಿಲ್ಲ. ಸೀಸೆ ಮಾತ್ರ ಎಂದಿನಂತೆ ತಿಳಿ. ಯಾವ ಪಾತ್ರೆ, ಎಷ್ಟು ಹೊತ್ತು ಎಂದು ಚಂದ್ರಯ್ಯ ಒಂದೊಂದಾಗಿ ವಿಚಾರಿಸಿದರು. ಎಲ್ಲವನ್ನೂ ಹೇಳಿಕೊಟ್ಟಂತೆಯೇ ಮಾಡಿದ್ದಳು.

"ಕಾಯಿಸಿದ ಮೇಲೆ?"

"ಬಟ್ಟೇಲಿ ಸೋಸಿ ಸೀಸೆಗೆ ಉಯ್ದೆ ಸಾ. ಸೋಸ್ದೆ ನಮ್ಮನೇಲಿ ನೀರೂ ಒಲೆ ಮ್ಯಾಲೆ ಇಕ್ಕಾಕಿಲ್ಲ. ಗಸಿ ಇಟ್ಕಂಡು ನಿಮ್ಮುಂದೆ ಎಂಗೆ ತರಾದು?"

ಜೈನರ ಮನೆಯ ಹೆಣ್ಣುಮಗಳು. ಕಣ್ಣಿಗೆ ಕಾಣದ ಹುಳವೂ ಸಾಯಬಾರದೆಂದು ಬುದ್ಧಿ ಬಂದಾಗಿನಿಂದ ನೀರು ಸೋಸಿದ ಕೈ. ಚಂದ್ರಯ್ಯನವರಿಗೆ ಬೈಯಲು ಮನಸ್ಸು ಬರಲಿಲ್ಲ. ಸೋಸದೆ ತರಲು ಹೇಳಿ ಕಳಿಸಿದರು.

ಮಧ್ಯಾಹ್ನ ಆಕೆ ಸೀಸೆ ತಂದು ಮೇಜಿನ ಮೇಲಿಟ್ಟಳು. ಡಾಕ್ಟರು ಮಾತಾಡುವ ಮೊದಲೇ ತಾನೇ ಗಾಜಿಗೆ ಬೆರಳುಗಳನ್ನು ಅಡ್ಡವಾಗಿ ಒತ್ತಿ ಹಿಡಿದಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯದರ ಮೇಲೂ ಬಿಳುಪು ಕಾಣುತ್ತಿತ್ತು.

"ಉಪ್ಪು ಆಕಿದ್ದು ನಾನೇ ಅಲ್ವಾ ಸಾ?"

"ಹಾಕು ಅಂದಿದ್ದು ನಾನು ಕಣಮ್ಮ."

ಆಕೆ ಸೆರಗು ಸರಿಮಾಡಿಕೊಂಡು ಎದ್ದಳು.

"ಒತ್ತು ಮುಳುಗಾದ್ರೊಳಗೆ ಅವರಿಗೆ ಊಟಕ್ಕಿಕ್ಬೇಕು. ಇವತ್ತು ಸಾರಿಗೆ ಉಪ್ಪು ಆಕ್ಲಾ, ಬ್ಯಾಡ್ವಾ?"

ಈ ಸಲ ಚಂದ್ರಯ್ಯ ಚಿಟಿಕೆ ಎನ್ನಲಿಲ್ಲ.

"ರುಚಿಗೆ ತಕ್ಕಷ್ಟು ಹಾಕಮ್ಮ," ಎಂದರು.