ಎದುರು ಬಂದವರಿಗೆಲ್ಲ

ಹಾಲಿನ ಬಜಾರಪ್ಪ ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಬಸವಕ್ಕನ ಅಂಗಳಕ್ಕೆ ಬಂದು ನಿಂತ. ಕೈಯಲ್ಲಿ ಖಾಲಿ ಕ್ಯಾನು. ಅದರಲ್ಲಿದ್ದ ಹಾಲೆಲ್ಲ ಊರಾಚೆಯ ಹಳ್ಳದ ಪಾಲಾಗಿತ್ತು.

"ನಿನ್ನ ಮಗಳು ಸ್ಕೂಟಿ ಮ್ಯಾಲ ಎದುರಿಗಿ ಬಂದ್ಳಕ್ಕಾ. ನನ್ನ ನೋಡಿ ಕೈ ಎತ್ತಿದ್ಳು. ಮುಂದ ಪೊಲೀಸ್ನೋರು ನಿಂತಾರ ಅಂತ ಹೇಳಾಕತ್ಯಾಳ ಅನ್ಕಂಡೆ. ನನಗ ಹೆಲ್ಮೆಟ್ ಇಲ್ಲ, ಲೈಸೆನ್ಸ್ ಅಂತೂ ಹುಟ್ಟಿದಾಗಿಂದ ಇಲ್ಲ. ಹಳ್ಳದ ದಾರಿಗಿ ಬೈಕ್ ತಿರುವಿದೆ, ಬಿದ್ದೆ. ಎದ್ದು ರೋಡಿಗಿ ಬಂದು ನೋಡಿದ್ರ ಒಂದು ನಾಯೀನೂ ಇಲ್ಲ!"

ಬಸವಕ್ಕನಿಗೆ ನಗು ತಡೆಯಲಾಗಲಿಲ್ಲ. ಆದರೆ ಅವನ ಮುಂದಿನ ಮಾತಿಗೆ ಆ ನಗು ಅಲ್ಲಿಗೇ ನಿಂತಿತು.

"ನನಗಷ್ಟ ಅಲ್ಲಕ್ಕಾ, ಲಾರಿಯೋರಿಗೂ ಎತ್ತತಾಳ, ಆಟೋದೋರಿಗೂ ಎತ್ತತಾಳ. ನಾನಾದ್ರ ಅಣ್ಣನಂಗ, ಸರಿ. ಉಳಿದೋರು ಒಂದಕ್ಕೆರಡು ಮಾತಾಡತಾರ. ಆ ಚಾಳಿ ಲಗೂನ ಬಿಡಿಸು."

ಲಾವಣ್ಯ ಸ್ಕಾಟ್ಲೆಂಡಿನ ಕಡಲ ದಂಡೆಯ ಒಂದು ಮೂಲೆಯೂರಲ್ಲಿ ಎರಡು ವರ್ಷ ಮುದುಕರ ಆರೈಕೆ ಮಾಡಿ, ಕೆಲಸ ಕೊಟ್ಟ ಕಂಪನಿಯೇ ಬಾಗಿಲು ಹಾಕಿದ್ದರಿಂದ ಚಿಪ್ಪಗಿರಿಗೆ ಮರಳಿದ್ದಳು. ಈಗ ಗುಂತಕಲ್ಲಿನ ದವಾಖಾನೆಯೊಂದರಲ್ಲಿ ನರ್ಸು. ಸ್ಕಾಟ್ಲೆಂಡಿನಿಂದ ತಂದ ದಪ್ಪ ಕೋಟು ಟ್ರಂಕಿನ ತಳ ಸೇರಿತ್ತು. ಈ ಊರ ಬಿಸಿಲಿಗೆ ಅದನ್ನು ನೆನೆದರೇ ಬೆವರು ಬರಬೇಕು. ಆದರೂ ಆದೋನಿಯ ಬಜಾರಿನಲ್ಲಿ ಒಣಮೀನಿನ ವಾಸನೆ ಬಂದರೆ ಎಲ್ಲರೂ ಮೂಗು ಮುಚ್ಚುವಲ್ಲಿ ಇವಳೊಬ್ಬಳು ನಿಂತುಬಿಡುತ್ತಿದ್ದಳು. ಅಲ್ಲಿ ಕಲಿತ ಕೈ ಎತ್ತುವ ಚಾಳಿಯೂ ಅವಳನ್ನು ಬಿಟ್ಟಿರಲಿಲ್ಲ.

ಸಂಜೆ ಅವಳು ಸ್ಕೂಟಿ ನಿಲ್ಲಿಸುವುದನ್ನೇ ಬಸವಕ್ಕ ಕಾಯುತ್ತಿದ್ದಳು. "ನನ್ನ ತಲಿ ಮ್ಯಾಲ ಕೈ ಇಡು. ಇನ್ನ ಮ್ಯಾಲ ದಾರ್ಯಾಗ ಯಾರಿಗೂ ಕೈ ಎತ್ತಂಗಿಲ್ಲ ಅಂತ ಆಣಿ ಮಾಡು."

ಬಜಾರಪ್ಪ ಬಿದ್ದ ಕಥೆ ಕೇಳಿ ಲಾವಣ್ಯ ನಕ್ಕಳು. ಅವ್ವ ನಗದಿರುವುದನ್ನು ಕಂಡು ಹೊಸ್ತಿಲ ಪಕ್ಕ ಕುಳಿತಳು. "ಅದೊಂದು ಬಿಡಿಸಬ್ಯಾಡವ್ವಾ. ಅಲ್ಲಿಂದು ಅಂತ ನನ್ನ ಹತ್ರ ಉಳಿದಿರೋದು ಅದೊಂದ."

ಅಲ್ಲಿಯ ರೋಡು ಒಂದೇ ಗಾಡಿಯಷ್ಟು ಅಗಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ನಡುವೆ ನಮ್ಮೂರಿನ ಹಾಗೆಯೇ ರೋಡಿಗೆ ಅಡ್ಡ ಬಿದ್ದಿರುವ ಕುರಿ. ಎದುರಿಗೆ ಗಾಡಿ ಬಂದರೆ ಒಬ್ಬರು ಬದಿಗೆ ಸರಿದು ನಿಲ್ಲಬೇಕು, ಇಬ್ಬರೂ ಕೈ ಎತ್ತಬೇಕು. ಮೀನಿನ ಲಾರಿಯವನು, ಟಪಾಲಿನ ಕೆಂಪು ವ್ಯಾನಿನವಳು, ಚರ್ಚಿನ ಪಾದ್ರಿ, ಯಾರಾದರೂ ಸರಿ. ಚಳಿಗಾಲದಲ್ಲಿ ಮಧ್ಯಾಹ್ನದ ಚಹಾದ ಹೊತ್ತಿಗೇ ಕತ್ತಲಾಗುವ ಊರದು. ಕಂಪನಿಯ ಕಾರಿನಲ್ಲಿ ಮನೆಯಿಂದ ಮನೆಗೆ ಹೋಗಿ ಮುದುಕರಿಗೆ ಸ್ನಾನ ಮಾಡಿಸಿ, ಗುಳಿಗೆ ನುಂಗಿಸಿ ಬರುವವಳನ್ನು ಉಂಡೆಯಾ ಎಂದು ಕೇಳುವವರಿಲ್ಲ. ಮೊದಮೊದಲು ಅವರ ಇಂಗ್ಲಿಷು ಇವಳಿಗೆ ತಿಳಿಯದು, ಇವಳದು ಅವರಿಗೆ ತಿಳಿಯದು. ಎದುರಿನ ಗಾಡಿಗಳ ಗಾಜಿನ ಹಿಂದೆ ಏಳುತ್ತಿದ್ದ ಆ ಕೈಗಳೇ ಅವಳಿಗೆ ಬಂಧುಬಳಗ.

"ಅಪ್ಪ ಹೋದ ದಿನ..." ಎಂದು ಲಾವಣ್ಯ ಅರ್ಧಕ್ಕೇ ನಿಲ್ಲಿಸಿದಳು. ಬಸವಕ್ಕ ತಟ್ಟನೆ ಮುಖ ಎತ್ತಿದಳು. ಗಂಡ ಉರುಕುಂದಪ್ಪನನ್ನು ಮಣ್ಣು ಮಾಡಿದ್ದನ್ನು ಮಗಳು ಫೋನಿನಲ್ಲಿ ನೋಡಿದ್ದಳು, ಬರಲಾಗಿರಲಿಲ್ಲ. ಅವತ್ತು ನಿನ್ನ ಹತ್ತಿರ ಯಾರಿದ್ದರು ಎಂದು ತಾಯಿ ಎಷ್ಟು ಸಲ ಕೇಳಿದರೂ ಅವಳು ಮಾತು ಮರೆಸುತ್ತಿದ್ದಳು.

"ಫೋನ್ ಇಟ್ಟು ಕೆಲಸಕ್ಕ ಹೋದೆ. ಮುದುಕರು ಕಾಯ್ತಿರತಾರ ಅಲ್ಲ. ಯಾರಿಗೂ ಏನೂ ಹೇಳಲಿಲ್ಲ. ದಾರ್ಯಾಗ ಕೈ ಎತ್ತಾಕ ಆಗಲಿಲ್ಲ, ಅಷ್ಟ. ಸಂಜೀಕ ರೂಮಿಗಿ ಬಂದ್ರ ಬಾಗಲ ಮುಂದ ಮೀನಿನ ಲಾರಿಯಾಂವ ನಿಂತಾನ, ಕೈಯಾಗ ಬಿಸಿ ಸೂಪ್. ಅವನ ಹಿಂದ ಟಪಾಲಿನಾಕಿ ಬಂದ್ಳು. ಇವತ್ತು ನೀ ಕೈ ಎತ್ತಲಿಲ್ಲ, ಏನಾತು ಅಂತ ಕೇಳಿದ್ರವ್ವಾ. ಅಲ್ಲೀತನಕ ನಾ ಅತ್ತಿರಲಿಲ್ಲ. ಆಕಿ ಹೆಗಲ ಮ್ಯಾಲ ಬಿದ್ದು ಅತ್ತೆ."

ಬಸವಕ್ಕ ಎದ್ದು, "ರೊಟ್ಟಿ ಆರತಾವ, ಬಾ," ಎಂದು ಒಳಗೆ ಹೋದಳು. ಆಣೆಯ ಮಾತು ಮತ್ತೆ ಬರಲಿಲ್ಲ.

ಮರುದಿನ ನೋಯುವ ಮೊಣಕಾಲನ್ನು ದವಾಖಾನೆಯಲ್ಲಿ ತೋರಿಸಲೆಂದು ಬಸವಕ್ಕನೂ ಸ್ಕೂಟಿಯ ಹಿಂದೆ ಕೂತಳು. ಅವ್ವನೆದುರು ಬೇಡವೆಂದು ಲಾವಣ್ಯ ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿಹಿಡಿದಿದ್ದಳು. ಒಂದು ಲಾರಿ ಹೋಯಿತು, ಒಂದು ಟ್ರ್ಯಾಕ್ಟರ್ ಹೋಯಿತು. ಯಾರದೋ ಮನೆಗೆ ಹೋಗಿ ಮಾತಾಡಿಸದೆ ಬಂದಂತೆ ಅವಳಿಗೆ ಸಂಕಟವಾಯಿತು. ಹಳ್ಳದ ತಿರುವಿನಲ್ಲಿ ಬಜಾರಪ್ಪನ ಬೈಕು ಎದುರಾಯಿತು. ಆಗ ಕನ್ನಡಿಯಲ್ಲಿ ಕಂಡದ್ದು ಅವ್ವನ ಬಳೆಯಿಲ್ಲದ ಕೈ. ಲಾವಣ್ಯಳ ಹೆಗಲ ಮೇಲಿಂದ ಅದು ನೆಟ್ಟಗೆ ಮೇಲೆದ್ದಿತ್ತು.

ಬಜಾರಪ್ಪ ಬ್ರೇಕ್ ಒತ್ತಿದ ರಭಸಕ್ಕೆ ಕ್ಯಾನುಗಳು ಗಡಗಡ ಎಂದವು. ಎರಡೂ ಕಾಲು ನೆಲಕ್ಕೂರಿ, ತಿರುವಿನಾಚೆ ಇಣುಕುತ್ತ ಕೇಳಿದ, "ಅಕ್ಕಾ, ನೀನೂನಾ? ಖರೇ ಹೇಳು, ಎಷ್ಟು ಮಂದಿ ನಿಂತಾರ?"

"ಯಾರೂ ಇಲ್ಲೋ ಯಪ್ಪಾ," ಎಂದಳು ಬಸವಕ್ಕ, ಕೈ ಇನ್ನೂ ಇಳಿಸದೆ. "ನೀ ಆರಾಮ ಅದಿಯಲ್ಲ, ಅಷ್ಟ ನೋಡಿದೆ. ಎಂದಾರ ನಾವು ಎತ್ತಲಿಲ್ಲಂದ್ರ, ಮನಿಗಿ ಬಂದು ಏನಾತು ಅಂತ ಕೇಳು."