ಬಂತೇನ್ರಿ?

ಕಾಶವ್ವನ ಗಂಡ ತೀರಿಕೊಂಡ ಮರುವರ್ಷದ ಗಾಳಿಗೆ ಮಾಳಿಗೆಯ ಮೇಲಿನ ಡಿಶ್ ಮುಖ ತಿರುಗಿಸಿತ್ತು. ವಿಠ್ಠಲನ ಆರತಿ ಬರುವ ಚಾನೆಲ್ ಹೋಯಿತು. ಅದನ್ನು ನೋಡದೆ ಆಕೆ ಉಣ್ಣುವವಳಲ್ಲ. ಗಂಡನಿದ್ದಾಗ ಡಿಶ್ ತಿರುಗಿಸುವ ಕೆಲಸ ಅವನದೇ; ಈಗ ರಿಪೇರಿಯ ದಸ್ತಗೀರ ಬಂದು ಮಾಳಿಗೆ ಹತ್ತಿದ.

ಆಕಾಶದಲ್ಲಿ ಉಪಗ್ರಹಗಳು ಸಾಲಾಗಿ ಕೂತಿವೆ. ಒಂದು ಸಿಕ್ಕರೆ ದಸ್ತಗೀರನ ಕೈಯ ಮೀಟರ್ ಸಿಳ್ಳೆ ಹಾಕುತ್ತದೆ. ಆದರೆ ಸಿಕ್ಕಿದ್ದು ಯಾವುದೆಂದು ಹೇಳಬೇಕಾದವರು ಕೆಳಗೆ ಟಿವಿ ಮುಂದೆ ಕೂತವರೇ.

ಮೀಟರ್ ಸಿಳ್ಳೆ ಹಾಕಿತು. "ಬಂತೇನ್ರಿ ಅವ್ವಾರ?"

"ಇಲ್ಲೋ ಯಪ್ಪಾ."

ಬೆರಳಗಲ ಮೂಡಣಕ್ಕೆ ಸರಿಸಿದ. "ಈಗರೆ ಬಂತೇನ್ರಿ?"

"ಯಾವುದೋ ತಿಳಿಯದ ಭಾಷಿ ಬಂತು. ಸ್ವಾಮಿ ಕಾಣವಲ್ಲ."

"ನಿಮ್ಮ ಸ್ವಾಮಿ ಭಾಳ ಹಟಮಾರಿ ಅದಾನ್ರಿ" ಎಂದು ನಕ್ಕು ಪಡುವಣಕ್ಕೆ ತಿರುಗಿಸಿದ. ಆ ಡಿಶ್ಶಿಗೆ ಎಟಕುವ ಉಪಗ್ರಹಗಳೆಲ್ಲ ಒಂದೊಂದಾಗಿ ಮುಗಿದವು. ಕೊನೆಗೆ ಬೆವರು ಒರೆಸಿಕೊಂಡು ಮೊದಲು ಸಿಳ್ಳೆ ಕೇಳಿಸಿದ ಜಾಗಕ್ಕೇ ತಂದು ನಿಲ್ಲಿಸಿದ. ಮೀಟರ್ ಜೋರಾಗಿ ಸಿಳ್ಳೆ ಹಾಕಿತು.

"ಬಂತೇನ್ರಿ?"

"ಇಲ್ಲಪ್ಪಾ, ಇನ್ನೂ ಇಲ್ಲ."

ಸೋತು ಏಣಿಯಿಳಿದು ಒಳಗೆ ಬಂದ. ಪರದೆಯ ಮೇಲೆ ವಿಠ್ಠಲ ಸೊಂಟದ ಮೇಲೆ ಕೈಯಿಟ್ಟು ನಿಚ್ಚಳವಾಗಿ ನಿಂತಿದ್ದ. ಕಾಶವ್ವ ಅದಕ್ಕೆ ಬೆನ್ನು ಮಾಡಿ, ಮಾಳಿಗೆಯ ಬೆಳಕಿಂಡಿಯ ಕಡೆ ಮುಖವೆತ್ತಿ ಕೂತಿದ್ದಳು.

"ಚೊಲೋ ಬಂದೈತಲ್ರಿ ಅವ್ವಾರ."

"ನೀ ಮೊದಲ ಸಲ ಕೇಳಿದಾಗ್ಲೇ ಬಂದಿತ್ತು ಯಪ್ಪಾ" ಎಂದಳು ಆಕೆ. "ನಮ್ಮವರು ಹೋದಮ್ಯಾಗ ಮಾಳಿಗಿ ಮ್ಯಾಲಿಂದ ನನ್ನ ಕೂಗಿ ಕೇಳಾವ್ರು ಯಾರೂ ಇರಲಿಲ್ಲ."