ಮುಸುರೆ ಕಡಲು
"ಮುಸುರೆ ನೀರಿಗೆ ನೀಲಿ ಕದಡಿಬಿಟ್ಟರೆ ಸಮುದ್ರ ಆಗುತ್ತೇನ್ರಿ?" ಬೇಸಿಗೆ ಶಿಬಿರದ ಅಡುಗೆಯವಳು ನಾಟಕದ ಮೇಷ್ಟ್ರ ಮೇಲೆ ಹರಿಹಾಯ್ದಳು. ತೊಟ್ಟಿಯಲ್ಲಿ ಬೆಳಗಿನ ಎಂಜಲು ತೇಲುತ್ತಿತ್ತು. ವಾಸನೆಗೆ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಕಡಲ್ಗಳ್ಳರ ಸೆರೆಯಾಳು ಇದರೊಳಗೆ ಬಿದ್ದರೇನೇ ಜನ ನಗೋದು ಕಣಮ್ಮ," ಎಂದರು ಮೇಷ್ಟ್ರು, ರಟ್ಟಿನ ಕತ್ತಿ ಬೀಸುತ್ತಾ.

"ಸೆರೆಯಾಳು ನನ್ನ ಮಗಳೇ ಯಾಕೆ? ಬೇರೆ ಮಕ್ಕಳನ್ನ ತಳ್ಳಿ, ನೋಡೋಣ!"

"ಅವರ ಅಪ್ಪ ಅಮ್ಮ ಸುಮ್ಮನಿರ್ತಾರಾ?"

ತೊಟ್ಟಿಯ ಮೇಲೆ ಚಾಚಿದ್ದ ಹಲಗೆಯಲ್ಲಿ ಕೈ ಕಟ್ಟಿಸಿಕೊಂಡು ನಿಂತು ಅದುವರೆಗೂ ಕಿಲಕಿಲ ನಗುತ್ತಿದ್ದ ಮಗಳ ಮುಖ ಸಪ್ಪಗಾಯಿತು. ಇಂಥವನಿಗೆ ಹದಿನೈದು ದಿನ ಕೈಯಾರೆ ಬಡಿಸಿದೆನಲ್ಲ ಎಂದು ತಾಯಿಗೆ ಹೇಸಿಗೆಯಾಯಿತು. ಮಗಳ ಕೈಯ ಹಗ್ಗ ಬಿಚ್ಚಿ, ಅವಳನ್ನು ಎತ್ತಿ ಕೆಳಗಿಳಿಸಿದಳು.

"ಅಲ್ಲಮ್ಮಾ, ಮಧ್ಯಾಹ್ನದ ಅಡುಗೆ?" ಮೇಷ್ಟ್ರು ಗೇಟಿನವರೆಗೂ ಕೂಗುತ್ತಾ ಬಂದರು. ತಾಯಿ ಮಗಳು ತಿರುಗಿ ನೋಡಲಿಲ್ಲ. ಆಮೇಲೆ ಅವರಿಬ್ಬರೂ ಆ ದಿಕ್ಕಿಗೆ ತಲೆ ಹಾಕಿಯೂ ಮಲಗಲಿಲ್ಲ.